ಮಳಿಗೆ ಸಂಕೀರ್ಣಗಳ ಒಡೆತನ: ಕಾನೂನಿನ ಆಸರೆ ಎಷ್ಟು?

ಹುಬ್ಬಳ್ಳಿ-ಧಾರವಾಡದ ವರ್ತಕನಿಗೆ ಅಂಗಡಿ ಎಂದರೆ ಒಂದು ಕಾಲದಲ್ಲಿ ಸ್ವಂತ ಜಾಗದ ಮೇಲಿನ ಸ್ವಂತ ಕಟ್ಟಡ. ಇಂದು ಕೊಪ್ಪೀಕರ ರಸ್ತೆಯಲ್ಲಾಗಲಿ, ಗೋಕುಲ ರಸ್ತೆಯಲ್ಲಾಗಲಿ, ಅದು ಹಲವು ಸಲ ಬಹುಮಹಡಿ ಸಂಕೀರ್ಣದೊಳಗಿನ ಒಂದು ಮಳಿಗೆ. ಮಳಿಗೆಯ ಕೀಲಿ ಮಾಲೀಕನದು. ಲಿಫ್ಟ್, ಛಾವಣಿ, ವಾಹನ ನಿಲುಗಡೆ, ಕಟ್ಟಡ ನಿಂತ ನೆಲ ಎಲ್ಲರವು. ಎಲ್ಲರದೂ ಆದದ್ದು ಕಡೆಗೆ ಯಾರ ಹೊಣೆಯೂ ಅಲ್ಲದಂತಾಗುವುದೇ ಈ ಒಡೆತನದ ಮೂಲ ಸಮಸ್ಯೆ.

ವಾಸದ ಫ್ಲ್ಯಾಟುಗಳಿಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮವಿದೆ. ಘೋಷಣಾ ಪತ್ರವನ್ನು ನೋಂದಾಯಿಸಿ ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸಿದರೆ, ನಿರ್ವಹಣಾ ವಂತಿಗೆಯ ಬಾಕಿಯು ಆ ಫ್ಲ್ಯಾಟಿನ ಮೇಲಿನ ಋಣಭಾರವಾಗುತ್ತದೆ. ತೆರಿಗೆ ಹಾಗೂ ಪ್ರಥಮ ಅಡಮಾನ ಬಿಟ್ಟರೆ ಅದಕ್ಕೇ ಆದ್ಯತೆ. ಆದರೆ ಮುಖ್ಯವಾಗಿ ವಾಸಕ್ಕೆ ಬಳಸುವ ಕಟ್ಟಡಗಳಿಗೆ ಮಾತ್ರ ಈ ಕಾಯ್ದೆ ಅನ್ವಯಿಸುತ್ತದೆ. ಕೇವಲ ಮಳಿಗೆ, ಕಚೇರಿಗಳಿರುವ ಸಂಕೀರ್ಣ ಇದರಿಂದ ಹೊರಗುಳಿಯುತ್ತದೆ. ಅಲ್ಲಿ ವಂತಿಗೆ ಕೊಡದ ಮಾಲೀಕನಿಂದ ವಸೂಲು ಮಾಡಲು ಕ್ರಯಪತ್ರದ ಷರತ್ತು, ಸಂಘದ ಉಪವಿಧಿಗಳೇ ಗತಿ. ಅವೂ ಇಲ್ಲದಿದ್ದರೆ ಮಾತಿನ ಒಪ್ಪಂದವಷ್ಟೇ ಉಳಿಯುತ್ತದೆ.

ಹಾಗೆಂದು ಕಾನೂನು ಪೂರ್ಣ ಮೌನವಾಗಿಲ್ಲ. 1972ರ ಇನ್ನೊಂದು ಕಾಯ್ದೆಯಾದ ಕರ್ನಾಟಕ ಒಡೆತನದ ಫ್ಲ್ಯಾಟುಗಳ ಅಧಿನಿಯಮದಲ್ಲಿ 'ಫ್ಲ್ಯಾಟ್' ಪದವು ಅಂಗಡಿ, ಕಚೇರಿ, ಗೋದಾಮುಗಳನ್ನೂ ಒಳಗೊಳ್ಳುತ್ತದೆ. ಖರೀದಿದಾರರ ಸಹಕಾರ ಸಂಘ ಅಥವಾ ಕಂಪನಿ ರಚನೆಗೆ ಕ್ರಮ ಕೈಗೊಳ್ಳುವ ಹೊಣೆ ನಿರ್ಮಾಪಕನದು. 2016ರ ರೇರಾ ಕಾಯ್ದೆಯೂ ವಾಣಿಜ್ಯ ಮಳಿಗೆಗಳಿಗೆ ಅನ್ವಯಿಸುತ್ತದೆ. ಸ್ವಾಧೀನ ಪಡೆದ ಐದು ವರ್ಷಗಳೊಳಗೆ ಕಂಡುಬಂದ ರಚನಾ ದೋಷವನ್ನು ನಿರ್ಮಾಪಕ ಉಚಿತವಾಗಿ ಸರಿಪಡಿಸಬೇಕು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಜನ ಪ್ರಾಣ ಕಳೆದುಕೊಂಡರು. ಅದನ್ನು ಕಂಡ ಊರಿನವರು ಸ್ವಾಧೀನಾನುಭವ ಪ್ರಮಾಣಪತ್ರವಿಲ್ಲದೆ ಮಳಿಗೆಯ ಸ್ವಾಧೀನ ಪಡೆಯುವುದು ಸಲ್ಲದು.

ತೆರಿಗೆಯಲ್ಲಿಯೂ ಫ್ಲ್ಯಾಟಿಗೊಂದು, ಮಳಿಗೆಗೊಂದು ನ್ಯಾಯ. ವಸತಿ ಸಂಘದ ಸದಸ್ಯನ ಮಾಸಿಕ ವಂತಿಗೆ 7,500 ರೂ. ಮೀರದಿದ್ದರೆ ಜಿಎಸ್‌ಟಿ ಇಲ್ಲ. ಮಳಿಗೆ ಸಂಘಕ್ಕೆ ಈ ವಿನಾಯಿತಿ ಅನ್ವಯಿಸದು. ಉದಾಹರಣೆಗೆ, 60 ಮಳಿಗೆಗಳಿಂದ ತಿಂಗಳಿಗೆ ತಲಾ 3,000 ರೂ. ಸಂಗ್ರಹವಾದರೆ ವಾರ್ಷಿಕ ಮೊತ್ತ 21.60 ಲಕ್ಷ ರೂ. ಇದು 20 ಲಕ್ಷದ ಮಿತಿಯನ್ನು ದಾಟುವುದರಿಂದ ನೋಂದಣಿ ಅನಿವಾರ್ಯ. ವಂತಿಗೆಯ ಮೇಲೆ ಶೇ. 18 ತೆರಿಗೆ. ಅದೇ ವಂತಿಗೆಯ 60 ಫ್ಲ್ಯಾಟುಗಳಿಗೆ ತೆರಿಗೆಯಿಲ್ಲ. ಸಂಘವು ಸದಸ್ಯನ ಜಿಎಸ್‌ಟಿ ಸಂಖ್ಯೆ ನಮೂದಿಸಿ ಬಿಲ್ ನೀಡಿದರೆ ನೋಂದಾಯಿತ ವರ್ತಕ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಚೀಟಿ ಬರೆದು ಹಣ ಪಡೆಯುವ ರೂಢಿಯಲ್ಲಿ ಈ ಲಾಭ ಕೈತಪ್ಪುತ್ತದೆ. ಕಂಪೋಸಿಶನ್ ವರ್ತಕನಿಗೆ ಮಾತ್ರ ಈ ಸೌಲಭ್ಯವಿಲ್ಲ.

ಆದಾಯ ತೆರಿಗೆಯಲ್ಲಿ ಸದಸ್ಯರ ವಂತಿಗೆಗೆ ಪರಸ್ಪರತೆಯ ತತ್ವದ ರಕ್ಷಣೆಯಿದೆ. ಆದರೆ ಛಾವಣಿಯ ಮೊಬೈಲ್ ಟವರ್, ಜಾಹೀರಾತು ಫಲಕಗಳ ಬಾಡಿಗೆ ಹೊರಗಿನವರಿಂದ ಬರುವ ಹಣ. ಅದು ತೆರಿಗೆಗೆ ಒಳಪಡುತ್ತದೆ. ಸದಸ್ಯ ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿಗೂ ವಿನಾಯಿತಿ ಸಲ್ಲದೆಂದು ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿದೆ. ಸಂಘದ ಹಣವನ್ನು ಕಾರ್ಯದರ್ಶಿಯ ಸ್ವಂತ ಖಾತೆಯಲ್ಲಿ ಇಟ್ಟರೆ ಆ ಬಡ್ಡಿ ಅವರ ಆದಾಯವೆಂದೇ ದಾಖಲಾಗುತ್ತದೆ. ಅವರ ಕಾಲಾನಂತರ ವಾರಸುದಾರರೊಡನೆ ವ್ಯಾಜ್ಯವೂ ಹುಟ್ಟಬಹುದು.

ಆದ್ದರಿಂದ ಪ್ರತಿ ಸಂಕೀರ್ಣವೂ ನೋಂದಾಯಿತ ಸಂಘ, ಪ್ರತ್ಯೇಕ ಪ್ಯಾನ್ ಮತ್ತು ಬ್ಯಾಂಕ್ ಖಾತೆ, ವಾರ್ಷಿಕ ಲೆಕ್ಕಪರಿಶೋಧನೆಗಳನ್ನು ಹೊಂದಬೇಕು. ದೈನಂದಿನ ಖರ್ಚಿನ ವಂತಿಗೆಯಿಂದ ಬೇರ್ಪಡಿಸಿ ದೊಡ್ಡ ದುರಸ್ತಿಯ ನಿಧಿಯನ್ನು ಮೊದಲ ವರ್ಷದಿಂದಲೇ ಕೂಡಿಸಬೇಕು. ಮಳಿಗೆ ಕೈಬದಲಾಗುವಾಗ ಸಂಘದ ಬೇಬಾಕಿ ಪತ್ರ ಕಡ್ಡಾಯವೆಂಬ ಷರತ್ತು ಮೂಲ ಕ್ರಯಪತ್ರದಲ್ಲಿಯೇ ಇರುವುದು ಲೇಸು.

ಇಷ್ಟಾದರೂ ಒಪ್ಪಂದವು ಶಾಸನಕ್ಕೆ ಸಮನಾಗದು. ವಾಸದ ಫ್ಲ್ಯಾಟಿಗೆ ದೊರೆತ ಬಾಕಿ ವಸೂಲಾತಿಯ ಹಕ್ಕನ್ನು ವಾಣಿಜ್ಯ ಸಂಕೀರ್ಣಗಳಿಗೂ ವಿಸ್ತರಿಸುವಂತೆ ರಾಜ್ಯ ಸರ್ಕಾರವನ್ನು ಒತ್ತಾಯಿಸುವುದು ವಾಣಿಜ್ಯ ಸಂಸ್ಥೆಗಳ ಕರ್ತವ್ಯ. ಅಂಗಡಿಯ ಲೆಕ್ಕವನ್ನು ಪೈಸೆ ಪೈಸೆಗೆ ಇಡುವ ವರ್ತಕರು ಅಂಗಡಿ ನಿಂತ ಕಟ್ಟಡದ ಲೆಕ್ಕವನ್ನೂ ಅಷ್ಟೇ ಶಿಸ್ತಿನಿಂದ ಇಟ್ಟರೆ ಆ ಬೇಡಿಕೆಗೆ ಬಲ ಬರುತ್ತದೆ.