ಚಳಿಗೆ ಬಿಗಿಯುವ ಗೇರ್



ಪುಷ್ಯ ಮಾಸ ಕಾಲಿರಿಸಿತೆಂದರೆ ನಮ್ಮ ಬಯಲುಸೀಮೆಯ ಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಜೋಗವನ್ನು ನೋಡಿ, ಘಟ್ಟವಿಳಿದು, ಹೊನ್ನಾವರದ ಮೇಲೆ ಹಾದು ಮುರ್ಡೇಶ್ವರ ತಲುಪುವುದು. ಮೂರು ಕಡೆ ಸಮುದ್ರ ಸುತ್ತುವರಿದ ಕಂದುಕಗಿರಿಯ ಮೇಲಿನ 123 ಅಡಿ ಎತ್ತರದ ಶಿವಮೂರ್ತಿಯನ್ನೂ 20 ಅಂತಸ್ತುಗಳ ರಾಜಗೋಪುರವನ್ನೂ ಕಂಡು ಬರುವುದು ಅನೇಕ ಕುಟುಂಬಗಳ ವಾಡಿಕೆ. ಹೊರಡುವ ಮುನ್ನ ಕಟಿರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಸಿದ್ಧವಾಗುತ್ತದೆ. ಗಾಡಿಯ ಟಯರಿಗೆ ಗಾಳಿ, ಟ್ಯಾಂಕಿಗೆ ಪೆಟ್ರೋಲು ತುಂಬುತ್ತದೆ. ಆದರೆ ಗೇರ್ ಪೆಟ್ಟಿಗೆಯನ್ನು ನೆನೆಯುವವರು ವಿರಳ. ಈ ಸಂಚಿಕೆಯಲ್ಲಿ ಆ ಪೆಟ್ಟಿಗೆಯ ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ಅದಕ್ಕೆ ಕಾರಣ ನಮ್ಮದೇ ಒಂದು ತಪ್ಪು.

ಈಚಿನ ಒಂದು ಜನವರಿಯಲ್ಲಿ ನಾವು ರಾಣೆಬೆನ್ನೂರಿನ ಕಡೆಯಿಂದ ಹೊರಟು ಜೋಗದಲ್ಲಿ ರಾತ್ರಿ ತಂಗಿದ್ದೆವು. ಕಾರು ಹದಿಮೂರು ವರ್ಷ ಹಳೆಯದು. ಅದನ್ನು ನಡೆಸುತ್ತಿದ್ದವನು ನಮ್ಮ ಅಣ್ಣನ ಮಗ. ಮುರ್ಡೇಶ್ವರದಲ್ಲಿ ಬೆಳಗಿನ ದರ್ಶನ ಮಾಡಬೇಕೆಂಬ ಆತುರದಲ್ಲಿ ಐದೂವರೆಗೇ ಎದ್ದು ಹೊರಟೆವು. ಇರುಳೆಲ್ಲ ಇಬ್ಬನಿಯಲ್ಲಿ ತೊಯ್ದು ನಿಂತಿದ್ದ ಕಾರು ಶುರುವಾಯಿತು. ಆದರೆ ಹತ್ತು ಮಾರು ಹೋಗುವುದರೊಳಗೆ ಹುಡುಗ, "ಕಾಕಾ, ಎರಡನೇ ಗೇರ್ ಬೀಳವಲ್ದು" ಎಂದ. "ಹಳೇ ಗಾಡಿ, ಸ್ವಲ್ಪ ಜೋರಾಗಿ ಹಾಕಪ್ಪಾ" ಎಂದು ನಾವೇ ಹೇಳಿದೆವು. ಅವನು ಒತ್ತಿ ಹಾಕಿದ. ಕರಕರನೆ ಸದ್ದು ಮಾಡುತ್ತ ಗೇರ್ ಬಿದ್ದಿತು. ಹೀಗೆ ಮೂರು ನಾಲ್ಕು ಸಲ ಆಯಿತು.

ಮಾವಿನಗುಂಡಿ ದಾಟಿದರೆ ಗೇರುಸೊಪ್ಪೆಯ ಕಡೆಗೆ ಘಟ್ಟದ ಇಳಿಜಾರು ತಡವಿಲ್ಲದೆ ಎದುರಾಗುತ್ತದೆ. ಒಂದು ಕಡಿದಾದ ತಿರುವಿನ ಮುಂಚೆ ಮೂರನೆಯ ಗೇರಿನಿಂದ ಎರಡನೆಯದಕ್ಕೆ ಇಳಿಸಲು ಹೋದಾಗ ಹಿಡಿ ನಡುವಿನಲ್ಲೇ ನಿಂತುಬಿಟ್ಟಿತು. ಗೇರಿನ ಹಿಡಿತ ತಪ್ಪಿದ ಗಾಡಿ ತನ್ನ ಭಾರಕ್ಕೆ ತಾನೇ ವೇಗ ಹೆಚ್ಚಿಸಿಕೊಳ್ಳತೊಡಗಿತು. ಹಿಂದಿನ ಆಸನದಲ್ಲಿ ಮನೆಯಾಕೆ, ಸೊಸೆ, ನಿದ್ದೆಗಣ್ಣಿನ ಇಬ್ಬರು ಮೊಮ್ಮಕ್ಕಳು. ಹುಡುಗ ಗಾಬರಿಯಾಗದೆ ಬ್ರೇಕನ್ನು ಬಲವಾಗಿ ತುಳಿದು, ಕೈಬ್ರೇಕನ್ನೂ ಎಳೆದು, ರಸ್ತೆ ಅಗಲವಾಗಿದ್ದೆಡೆ ಬದಿಗೆ ನಿಲ್ಲಿಸಿದ. ಎಲ್ಲರೂ ಕೆಳಗಿಳಿದು ಅರ್ಧ ಗಂಟೆ ಮಾತಿಲ್ಲದೆ ನಿಂತೆವು. ಬಳಿಕ ಮೊದಲ ಗೇರಿನಲ್ಲಿಯೇ ಆಮೆಯಂತೆ ಘಟ್ಟವಿಳಿದೆವು.

ವಿಚಿತ್ರವೆಂದರೆ, ಬಿಸಿಲೇರಿದ ಮೇಲೆ ಮುರ್ಡೇಶ್ವರದಲ್ಲಿ ಅದೇ ಗೇರ್ ಎಣ್ಣೆ ಹಚ್ಚಿದ ಅಗುಳಿಯಂತೆ ಸರಾಗವಾಗಿ ಸರಿಯುತ್ತಿತ್ತು! ವಾಹನ ನಿಲ್ಲಿಸುವ ಬಯಲಿನಲ್ಲಿ ನಮ್ಮ ಪಕ್ಕದಲ್ಲೇ ದಾವಣಗೆರೆ ಕಡೆಯ ಯಾತ್ರಿಕರೊಬ್ಬರ ಕಾರು ನಿಂತಿತ್ತು. ಅವರದಕ್ಕೂ ಗೇರ್ ಬೀಳುತ್ತಿರಲಿಲ್ಲ. ಅದೂ ನಡುಹಗಲಿನ ಸೆಕೆಯಲ್ಲಿ. ಅವರು ಕರೆಸಿದ್ದ ಸ್ಥಳೀಯ ಮೆಕ್ಯಾನಿಕ್ ಹಿರಿಯ ವಯಸ್ಸಿನವರು. ಎಂಜಿನ್ ನಿಲ್ಲಿಸಿ ಗೇರ್ ಹಾಕಿ ನೋಡಿದರು, ಸಲೀಸಾಗಿ ಬಿದ್ದಿತು. ಎಂಜಿನ್ ಚಾಲೂ ಮಾಡಿ ಹಾಕಿದರು, ಜಪ್ಪಯ್ಯ ಎಂದರೂ ಬೀಳಲಿಲ್ಲ. "ಇದು ಕ್ಲಚ್ಚಿನ ದೋಷ, ಕೇಬಲ್ ನೋಡಬೇಕು" ಎಂದು ನಿಶ್ಚಯವಾಗಿ ನುಡಿದರು. ಬಿಚ್ಚಿ ನೋಡಿದಾಗ ಕೇಬಲಿನ ಎಳೆಗಳು ತುಕ್ಕು ಹಿಡಿದು ಅರ್ಧ ಹರಿದಿದ್ದವು.

ನಮ್ಮ ಕಾರಿನ ಕಥೆಯನ್ನೂ ಕೇಳಿ ಅವರು ನಕ್ಕರು. "ಯಜಮಾನ್ರೇ, ನಿಮ್ಮ ಗಾಡಿಯ ರೋಗ ಇಲ್ಲಿ ಕಾಣುದಿಲ್ಲ. ಇಲ್ಲಿ ಚಳಿಯೇ ಇಲ್ಲ. ಊರಿಗೆ ಹೋಗಿ ಮೊದಲು ಗೇರ್ ಆಯಿಲ್ ಇಳಿಸಿ ನೋಡಿ" ಎಂದರು. ಆ ಮಾತಿನಲ್ಲಿ ಈ ವಿಷಯದ ಸಾರವೆಲ್ಲ ಅಡಗಿದೆ. ಕುಮಟಾ, ಹೊನ್ನಾವರ, ಭಟ್ಕಳದ ಕರಾವಳಿಯಲ್ಲಿ ಜನವರಿಯ ಬೆಳಗೂ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಧಾರವಾಡ, ವಿಜಯಪುರ, ಬೀದರಗಳಲ್ಲಿ ಅದು 10 ಡಿಗ್ರಿಯ ಹತ್ತಿರಕ್ಕೆ ಇಳಿಯುವುದುಂಟು. ಚಳಿಯಲ್ಲಿ ಬಿಗಿದು ಕರಾವಳಿಯಲ್ಲಿ ಸಡಿಲವಾಗುವ ಗೇರಿನ ದೋಷ ಬಹುತೇಕ ಎಣ್ಣೆಯದು. ಕರಾವಳಿಯ ಸೆಕೆಯಲ್ಲೂ ಬಿಗಿದೇ ಇರುವ ಗೇರಿನ ದೋಷವನ್ನು ಕ್ಲಚ್ಚಿನಲ್ಲೋ ಗೇರ್ ಹಿಡಿಯ ಜೋಡಣೆಯಲ್ಲೋ ಹುಡುಕಬೇಕು. ಈ ಎರಡನ್ನು ಬೇರ್ಪಡಿಸಿ ತಿಳಿಯದೆ ಹಿಡಿಯನ್ನು ಒತ್ತುವವನು ತನ್ನ ಗಾಡಿಯನ್ನೂ ತನ್ನವರನ್ನೂ ಅಪಾಯಕ್ಕೊಡ್ಡುತ್ತಾನೆ.

ಎಣ್ಣೆಗೂ ಗೇರಿಗೂ ಇರುವ ಸಂಬಂಧವನ್ನು ಸ್ವಲ್ಪ ವಿವರಿಸಬೇಕು. ಗೇರ್ ಬದಲಿಸುವುದೆಂದರೆ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಭಾಗಗಳನ್ನು ಒಂದೇ ವೇಗಕ್ಕೆ ತಂದು ಕೂಡಿಸುವುದು. ಹಿಂದೆ ಈ ಕೆಲಸ ಚಾಲಕನ ಕಾಲಿಗೂ ಕಿವಿಗೂ ಸೇರಿತ್ತು. 1928ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು ತನ್ನ ಕ್ಯಾಡಿಲಾಕ್ ಕಾರಿನಲ್ಲಿ ಈ ಕೆಲಸವನ್ನು ಯಂತ್ರಕ್ಕೇ ವಹಿಸಿತು. ಆ ಏರ್ಪಾಟಿಗೆ ಸಿಂಕ್ರೊನೈಜರ್ ಎಂದು ಹೆಸರು. ಸಾಮಾನ್ಯವಾಗಿ ಹಿತ್ತಾಳೆಯ ಬಳೆಯೊಂದು ಗೇರಿನ ಮೇಲಿರುವ ಶಂಕುವಿನಾಕಾರದ ಭಾಗವನ್ನು ಉಜ್ಜಿ ಹಿಡಿದು ಎರಡರ ವೇಗವನ್ನೂ ಸಮ ಮಾಡುತ್ತದೆ. ಬಳಿಕ ಹಲ್ಲುಗಳು ಸದ್ದಿಲ್ಲದೆ ಕೂಡುತ್ತವೆ. ಉಜ್ಜಬೇಕಾದರೆ ನಡುವಿನ ಎಣ್ಣೆಯ ಪದರ ಕ್ಷಣಮಾತ್ರದಲ್ಲಿ ಸರಿದು ದಾರಿ ಬಿಡಬೇಕು. ಎಣ್ಣೆ ದಪ್ಪಗಾಗಿದ್ದರೆ ಅದು ಸರಿಯುವುದಿಲ್ಲ, ಬಳೆ ಜಾರುತ್ತದೆ, ವೇಗ ಸಮವಾಗುವುದು ತಡವಾಗುತ್ತದೆ. ಆ ತಡವೇ ನಮ್ಮ ಕೈಗೆ ಬಿಗಿತವಾಗಿ ತೋರುತ್ತದೆ. ಮೊದಲ ಗೇರಿಗೂ ಎರಡನೆಯದಕ್ಕೂ ವೇಗದ ಅಂತರ ಹೆಚ್ಚು. ಆದ್ದರಿಂದ ಎರಡನೆಯ ಗೇರೇ ಮೊದಲು ಮೊಂಡಾಟ ಹೂಡುತ್ತದೆ.

ಕರಾವಳಿಯಿಂದ ಕೊಬ್ಬರಿ ಎಣ್ಣೆ ತಂದ ಗೃಹಿಣಿಯರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಮುರ್ಡೇಶ್ವರದ ಮಧ್ಯಾಹ್ನದಲ್ಲಿ ನೀರಿನಂತಿದ್ದ ಎಣ್ಣೆ ನಮ್ಮೂರಿನ ಮುಂಜಾವಿನಲ್ಲಿ ಬಾಟಲಿಯಿಂದ ಬೀಳುವುದೇ ಇಲ್ಲ. 24 ಡಿಗ್ರಿಗಿಂತ ಕೆಳಗಿಳಿದಂತೆ ಅದು ಹೆಪ್ಪುಗಟ್ಟತೊಡಗುತ್ತದೆ. ಗೇರ್ ಆಯಿಲ್ ಹಾಗೆ ಹೆಪ್ಪುಗಟ್ಟದು, ಆದರೆ ದಪ್ಪವಾಗುತ್ತದೆ. ಹಳೆಯ ಗಾಡಿಗಳಿಗೆ ಹಾಕುತ್ತಿದ್ದ 90ನೆಯ ದರ್ಜೆಯ ಎಣ್ಣೆ 100 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿಯೇ ಸುಮಾರು ಹತ್ತು ಪಟ್ಟು ದಪ್ಪ. ಹತ್ತು ಡಿಗ್ರಿಯ ಬೆಳಗಿನಲ್ಲಿ ಅದರ ಸ್ಥಿತಿಯನ್ನು ಊಹಿಸಬಹುದು. ಡಬ್ಬಿಯ ಮೇಲೆ 75ಡಬ್ಲ್ಯು-90, 80ಡಬ್ಲ್ಯು-90 ಎಂದು ಅಚ್ಚಾಗಿರುವುದನ್ನು ಓದುಗರು ಕಂಡಿರಬಹುದು. ಡಬ್ಲ್ಯು ಎಂಬ ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ತೆಳುವಾಗಿರುತ್ತದೆ: 75ರ ಎಣ್ಣೆಯನ್ನು ಸೊನ್ನೆಗಿಂತ 40 ಡಿಗ್ರಿ ಕೆಳಗೂ 80ರದನ್ನು 26 ಡಿಗ್ರಿ ಕೆಳಗೂ ಪರೀಕ್ಷಿಸಿ ದರ್ಜೆ ಕೊಡುತ್ತಾರೆ.

ಹಾಗೆಂದು ತೆಳುವಾದುದೇ ಒಳ್ಳೆಯದೆಂದು ಅಂಗಡಿಗೆ ಓಡಬಾರದು. ಗಾಡಿಯೊಂದಿಗೆ ಕೊಟ್ಟ ಕೈಪಿಡಿಯಲ್ಲಿ ಯಾವ ದರ್ಜೆ ಹೇಳಿದೆಯೋ ಅದನ್ನೇ ಹಾಕಿಸಬೇಕು. ಜಿಎಲ್-4 ಎಂದಿರುವಲ್ಲಿ ಹೆಚ್ಚಿನದು ಲೇಸೆಂದು ಜಿಎಲ್-5 ಸುರಿಯಬಾರದು. ಅದರಲ್ಲಿ ಅಧಿಕವಾಗಿರುವ ಗಂಧಕದ ಅಂಶ ಹಿತ್ತಾಳೆಯ ಬಳೆಯನ್ನು ತಿನ್ನಬಲ್ಲುದು. ಎಣ್ಣೆ ತೆಳುವಾಗಲೆಂದು ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಬೆರೆಸುವ ಹಳ್ಳಿಯ ಉಪಾಯವಂತೂ ಗೇರ್ ಪೆಟ್ಟಿಗೆಗೆ ವಿಷವಿಕ್ಕಿದಂತೆ.

ಇನ್ನು ಮನೆಯಂಗಳದಲ್ಲಿಯೇ ಮಾಡಬಹುದಾದ ಪರೀಕ್ಷೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಸಮತಟ್ಟಾದ ನೆಲದಲ್ಲಿ, ಕೈಬ್ರೇಕ್ ಹಾಕಿ, ಎಂಜಿನ್ ಚಾಲೂ ಮಾಡದೆ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಅನಂತರ ಎಂಜಿನ್ ಚಾಲೂ ಮಾಡಿ, ಕ್ಲಚ್ಚನ್ನು ಪೂರ್ತಿ ತುಳಿದು ಅದನ್ನೇ ಮಾಡಿ. ನಿಂತ ಎಂಜಿನ್ನಿನಲ್ಲಿ ಸಲೀಸಾಗಿ ಬಿದ್ದು, ಚಾಲೂ ಇರುವಾಗ ಮಾತ್ರ ತಡೆಯುವುದಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕ್ಲಚ್ ತುಳಿದು ಐದಾರು ಸೆಕೆಂಡು ಕಾದ ಮೇಲೂ ಹಿಂಗೇರ್ ಕರಕರ ಎನ್ನುತ್ತಿದ್ದರೆ ಆ ಸಂಶಯ ಇನ್ನೂ ಬಲವಾಗುತ್ತದೆ. ಆಗ ಕೇಬಲ್ಲನ್ನು, ಎಣ್ಣೆಯ ಒತ್ತಡದಿಂದ ನಡೆಯುವ ಕ್ಲಚ್ ಆದರೆ ಅದರ ದ್ರವದ ಮಟ್ಟವನ್ನೂ ಸೋರಿಕೆಯನ್ನೂ ನೋಡಿಸಬೇಕು. ಉಪ್ಪುಗಾಳಿಯ ಕರಾವಳಿಯಲ್ಲಿ ನೆಲೆಸಿರುವ ನಮ್ಮ ಬಂಧುಗಳು ಕೇಬಲ್ಲಿನ ತುಕ್ಕನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸುವುದು ಲೇಸು. ಎರಡು ಸ್ಥಿತಿಯಲ್ಲೂ ಬಿಗಿಯಾಗಿದ್ದು, ಹತ್ತಾರು ಕಿಲೋಮೀಟರ್ ಓಡಿದ ಮೇಲೆ ಸಡಿಲವಾದರೆ ಎಣ್ಣೆಯನ್ನು ಶಂಕಿಸಬೇಕು. ಓಡಿದ ಮೇಲೂ ಸಡಿಲವಾಗದಿದ್ದರೆ ಹಿಡಿಯಿಂದ ಪೆಟ್ಟಿಗೆಗೆ ಹೋಗುವ ಸರಳು, ಕೇಬಲ್ಲುಗಳನ್ನು ನೋಡಬೇಕು. ಗ್ಯಾರೇಜಿಗೆ ಒಯ್ಯುವವರು ಹಿಂದಿನ ರಾತ್ರಿಯೇ ಗಾಡಿಯನ್ನು ಅಲ್ಲಿ ಬಿಟ್ಟು ಬರಲಿ. ಮಧ್ಯಾಹ್ನ ಬಿಸಿಯಾದ ಗಾಡಿಯನ್ನು ಒಯ್ದು ಚಳಿಯ ದೋಷವನ್ನು ತೋರಿಸುವುದು ಹೇಗೆ?

ದುರಸ್ತಿಯಾಗುವವರೆಗೆ ಚಾಲಕರು ಪಾಲಿಸಬೇಕಾದ ಕ್ರಮವೂ ಸರಳವಾದುದೇ. ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ಚಿನಿಂದ ಕಾಲು ತೆಗೆದು ಒಂದೆರಡು ನಿಮಿಷ ಬಿಡಿ. ಪೆಟ್ಟಿಗೆಯೊಳಗಿನ ಕೆಲವು ಗೇರುಗಳು ತಿರುಗಿ ಎಣ್ಣೆಯನ್ನು ಕಲಕುತ್ತವೆ. ಆದರೆ ಬಾಗಿಲು ಹಾಕಿದ ಶೆಡ್ಡಿನೊಳಗೆ ಎಂದೂ ಹೀಗೆ ಮಾಡಬೇಡಿ, ಹೊಗೆಯ ವಿಷಾನಿಲ ಪ್ರಾಣಹಾರಿ. ಗೇರ್ ಪೆಟ್ಟಿಗೆ ನಿಜವಾಗಿ ಬೆಚ್ಚಗಾಗುವುದು ಓಡಿದಾಗಲೇ. ಆದ್ದರಿಂದ ಮೊದಲ ಹತ್ತು ಕಿಲೋಮೀಟರ್ ನಿಧಾನವಾಗಿ ನಡೆಸಿ. ಮೇಲಿನ ಗೇರಿಗೆ ಹೋಗುವಾಗ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ತಡೆದು ಹಾಕಿ. ಕೆಳಗಿನ ಗೇರಿಗೆ ಇಳಿಸುವಾಗ ಹಳೆಯ ಲಾರಿ ಚಾಲಕರ ವಿದ್ಯೆಯನ್ನು ಬಳಸಿ: ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ, ಮತ್ತೆ ಕ್ಲಚ್ ತುಳಿದು ಗೇರ್ ಹಾಕುವುದು. ಇದನ್ನು ಘಟ್ಟದಲ್ಲಿ ಕಲಿಯಲು ಹೋಗದೆ ಬಯಲು ರಸ್ತೆಯಲ್ಲಿ ಮೊದಲು ರೂಢಿಸಿಕೊಳ್ಳಬೇಕು.

ಜೋಗದಲ್ಲಿ ತಂಗಿ ಮುಂಜಾನೆ ಹೊನ್ನಾವರದ ಕಡೆಗೆ ಇಳಿಯುವವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಊರಿಂದ ನೇರವಾಗಿ ಬರುವ ಗಾಡಿ ಘಟ್ಟದ ಬಾಯಿಗೆ ತಲುಪುವಷ್ಟರಲ್ಲಿ ಬೆಚ್ಚಗಾಗಿರುತ್ತದೆ. ಜೋಗದಿಂದ ಹೊರಟ ಗಾಡಿಗೆ ಆ ಅವಕಾಶವಿಲ್ಲ. ಬಿಸಿಲೇರಿದ ಮೇಲೆ ಹೊರಡಿ. ಇಳಿಜಾರು ಆರಂಭವಾಗುವ ಮೊದಲೇ, ಸಮತಟ್ಟಿನಲ್ಲಿ, ಎರಡನೆಯ ಗೇರ್ ಹಾಕಿಕೊಂಡು ಅದರಲ್ಲಿಯೇ ಇಳಿಯಿರಿ. ನಡು ಇಳಿಜಾರಿನಲ್ಲಿ ಗೇರ್ ಹುಡುಕುವ ಪ್ರಸಂಗ ಬಾರದಿರಲಿ. ಮುರ್ಡೇಶ್ವರದ ದರ್ಶನಕ್ಕೆ ಎರಡು ಗಂಟೆ ತಡವಾದರೆ ಯಾವ ನಷ್ಟವೂ ಇಲ್ಲ.

ಊರಿಗೆ ಮರಳಿ ನಾವು ಗೇರ್ ಆಯಿಲ್ ಇಳಿಸಿದೆವು. ಸುಮಾರು ಎರಡು ಲೀಟರ್. ಕಪ್ಪಾಗಿ, ಕಾಕಂಬಿಯಂತೆ ದಪ್ಪವಾಗಿತ್ತು. ಹಿಂದೆ ಯಾರೋ ಕೈಪಿಡಿ ನೋಡದೆ ದಪ್ಪನೆಯ ಎಣ್ಣೆ ಸುರಿದಿದ್ದರು. ನಾವೂ ವರ್ಷಗಟ್ಟಲೆ ಅದನ್ನು ವಿಚಾರಿಸಿರಲಿಲ್ಲ. ಬೆಳಕಿಗೆ ಹಿಡಿದಾಗ ಅದರಲ್ಲಿ ಚಿನ್ನದ ಪುಡಿಯಂತಹ ಹೊಳಪು ಕಂಡಿತು. ಅದು ಹಿತ್ತಾಳೆಯ ಬಳೆ ಸವೆದ ಪುಡಿ. ಹೇಳಿದ ದರ್ಜೆಯ ಎಣ್ಣೆ ತುಂಬಿಸಿದ ಮರುದಿನದಿಂದ ಚಳಿಯ ಬಿಗಿತ ಹೋಯಿತು. ಆದರೆ ಎರಡನೆಯ ಗೇರಿನ ಕರಕರ ಸದ್ದು ಹೋಗಲಿಲ್ಲ. ಬಳೆ ಬದಲಿಸಲು ಪೆಟ್ಟಿಗೆಯನ್ನೇ ಕೆಳಗಿಳಿಸಬೇಕಾಯಿತು. ಎಣ್ಣೆಗೆ ಆದ ವೆಚ್ಚದ ಹತ್ತಾರು ಪಟ್ಟು ಅದಕ್ಕೆ ತೆತ್ತೆವು.

ಆ ಮುಂಜಾನೆ ಹುಡುಗ ಗೇರ್ ಬೀಳುತ್ತಿಲ್ಲವೆಂದು ಹೇಳಿಯೇ ಇದ್ದ. ಗಾಡಿಯ ಮಾತನ್ನು ಅವನ ಕೈ ಕೇಳಿಸಿಕೊಂಡಿತ್ತು. ಹಿರಿಯರಾದ ನಾವು ಕೇಳದೆ "ಜೋರಾಗಿ ಹಾಕು" ಎಂದೆವು. ಈಗ ನಮ್ಮ ಮನೆಯಲ್ಲಿ ಕಾರು ನಡೆಸುವವರು ಏನು ಹೇಳುತ್ತಾರೋ ಅದನ್ನು ಮೊದಲು ಕೇಳುತ್ತೇವೆ. ಈ ಚಳಿಗಾಲದಲ್ಲಿ ಪ್ರಯಾಣ ಬೆಳೆಸುವ ಬಂಧುಗಳು ಬುತ್ತಿ ಕಟ್ಟುವ ವಾರಕ್ಕೆ ಮುಂಚೆಯೇ, ತಣ್ಣನೆಯ ಒಂದು ಬೆಳಿಗ್ಗೆ, ಐದು ನಿಮಿಷ ಗೇರ್ ಪರೀಕ್ಷೆಗೆ ಮೀಸಲಿಡಿ ಎಂಬುದಷ್ಟೇ ನಮ್ಮ ಬಿನ್ನಹ.