ಗೀರಿಲ್ಲದ ರಿಜಿಸ್ಟರ್

ಮೊನ್ನೆ ರಜೆಯಲ್ಲಿ ಮಗ ಲ್ಯಾಪ್‌ಟಾಪಿನಲ್ಲಿ ಯಾವುದೋ ಹಳೆಯ ಕಪ್ಪು ಬಿಳುಪು ಕಾರ್ಯಕ್ರಮ ಹಾಕಿಕೊಂಡು ಕುಳಿತಿದ್ದ. ಒಗೆದ ಬಟ್ಟೆ ಮಡಚುತ್ತಾ ನಾನೂ ಪಕ್ಕದಲ್ಲಿ ಕುಳಿತೆ. ಅರ್ಧ ಗಂಟೆಯೊಳಗೆ ಮುಗಿಯುವ ಕಥೆ. ಹೊನ್ನಾವರದಲ್ಲಿ ಹುಟ್ಟಿದ ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಅನ್ನು ದೂರದರ್ಶನದಲ್ಲಿ ನೋಡಿ ಬೆಳೆದ ನಮಗೆ ಆ ಅಳತೆಯ ಕಥೆ ಹೊಸದಲ್ಲ. ಆದರೆ ಇದು ಬೇರೆ ತರಹದ್ದು.

ಹೆಸರು 'ದಿ ಪರ್ಫೆಕ್ಟ್ ಕ್ರೈಮ್'. ಆಲ್‌ಫ್ರೆಡ್ ಹಿಚ್‌ಕಾಕ್ ಅಮೆರಿಕದ ಟಿವಿಗಾಗಿ ನಡೆಸುತ್ತಿದ್ದ ಸಸ್ಪೆನ್ಸ್ ಸರಣಿಯಲ್ಲಿ 1957ರ ಅಕ್ಟೋಬರ್‌ನಲ್ಲಿ ಪ್ರಸಾರವಾದ ಕಂತು. ನಿರ್ದೇಶನವೂ ಅವರದೇ. ವಿನ್ಸೆಂಟ್ ಪ್ರೈಸ್ ಎಂಬ ನಟ ಕರ್ಟ್ನಿ ಎಂಬ ಹೆಸರಾಂತ ಪತ್ತೇದಾರನಾಗಿದ್ದಾರೆ. ಅವನ ಮನೆಯಲ್ಲಿ ಒಂದು ಕಪಾಟು. ತಾನು ಬಿಡಿಸಿದ ಒಂದೊಂದು ಪ್ರಕರಣದ ನೆನಪಿಗೆ ಒಂದೊಂದು ವಸ್ತುವನ್ನು ಅದರಲ್ಲಿ ಜೋಡಿಸಿಟ್ಟಿದ್ದಾನೆ. ಒಂದು ಜಾಗ ಮಾತ್ರ ಖಾಲಿ. ದೋಷವೇ ಇಲ್ಲದ ಅಪರಾಧ ಸಿಕ್ಕಿದ ದಿನ ಅದನ್ನು ತುಂಬುತ್ತಾನಂತೆ! ಅವನ ಮಾತಿನ ಧಾಟಿ ಕೇಳಿದರೆ ಎದ್ದು ಹೋಗೋಣ ಅನ್ನಿಸುತ್ತದೆ.

ಅಂಥವನ ಮನೆಗೆ ಒಬ್ಬ ವಕೀಲ ಬರುತ್ತಾನೆ. ನಿನ್ನ ಸಾಕ್ಷ್ಯದಿಂದ ಮರಣದಂಡನೆಯಾದ ಮನುಷ್ಯ ನಿರಪರಾಧಿ ಎಂದು ಎಳೆ ಎಳೆಯಾಗಿ ಬಿಡಿಸಿ ತೋರಿಸುತ್ತಾನೆ. ಪ್ರೀತಿಸಿದವಳನ್ನು ಉಳಿಸಲು ಅವನು ಆರೋಪ ತನ್ನ ಮೇಲೆ ಹೊತ್ತುಕೊಂಡಿದ್ದ. 'ತಪ್ಪಾಯಿತು' ಎಂಬ ಒಂದು ಮಾತು ಕರ್ಟ್ನಿಯ ಬಾಯಿಂದ ಬರಬೇಕಿತ್ತು. ಅದರ ಬದಲು ಅವನು ವಕೀಲನ ಕತ್ತು ಹಿಸುಕುತ್ತಾನೆ. ಮಣ್ಣಿನ ಪಾತ್ರೆ ಮಾಡುವುದು ಅವನ ಹವ್ಯಾಸ, ಮನೆಯಲ್ಲೇ ಆವಿಗೆಯಿದೆ. ಕೊನೆಗೆ ಕಪಾಟಿನ ಖಾಲಿ ಜಾಗದಲ್ಲಿ ಒಂದು ಹೂದಾನಿ ಬರುತ್ತದೆ. ಅದರಲ್ಲಿ ಏನು ಬೆರೆತಿದೆ ಎಂದು ನೋಡುವವರಿಗೆ ಗೊತ್ತಾಗುತ್ತದೆ.

ನಂತರ ಹಿಚ್‌ಕಾಕ್ ಬಂದು, ಕಸ ಗುಡಿಸುವ ಹೆಂಗಸಿನ ಕೈತಪ್ಪಿ ಹೂದಾನಿ ಒಡೆಯಿತು, ಕರ್ಟ್ನಿ ಸಿಕ್ಕಿಬಿದ್ದ ಎಂದು ತಮಾಷೆಯಾಗಿ ಹೇಳುತ್ತಾರೆ. ಕೊಲೆಗಾರ ಪಾರಾದ ಎಂದು ತೋರಿಸಲು ಆಗಿನ ಅಮೆರಿಕದ ಟಿವಿಯವರು ಒಪ್ಪುತ್ತಿರಲಿಲ್ಲ, ಅದಕ್ಕೇ ಈ ಬಾಲ. ಮಗ ನಕ್ಕ. ನನಗೆ ಆ ಕೆಲಸದಾಕೆಯ ಮೇಲೆ ಪ್ರೀತಿ ಬಂತು.

ಸಹೋದರಿಯರೇ, ಇಂಥವರು ನಮ್ಮ ಮನೆಗಳಲ್ಲೂ ಇಲ್ಲವೇ? ಎರಡು ತಿಂಗಳ ರಜೆಗೆ ದುಬೈಯಿಂದ ಬಂದು ಫ್ರಿಜ್ಜಿನ ಡಬ್ಬಿಗಳಿಗೆ ಮಾರ್ಕು ಕೊಡುವ ಗಂಡಂದಿರ ಬಗ್ಗೆ ಬರೆಯೋಣವೆಂದೇ ಪೆನ್ನು ಹಿಡಿದಿದ್ದೆ. ಬರೆಯಲಾಗಲಿಲ್ಲ. ನನ್ನದೇ ರಿಜಿಸ್ಟರು ನೆನಪಾಯಿತು.

ಆಗ ಹೊನ್ನಾವರದ ಒಂದು ಶಾಲೆಯಲ್ಲಿ ಕಲಿಸುತ್ತಿದ್ದೆ. ಭಟ್ಕಳದಿಂದ ದಿನಾ ಬಸ್ಸು. ನನ್ನ ಅಂಕಪಟ್ಟಿಯ ರಿಜಿಸ್ಟರಿನಲ್ಲಿ ಒಂದು ಗೀರು, ಒಂದು ತಿದ್ದುಪಡಿ ಇರುತ್ತಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಅದನ್ನು ಬೇರೆ ಟೀಚರುಗಳಿಗೆ ತೋರಿಸುತ್ತಿದ್ದರು. ಹತ್ತನೆಯ ತರಗತಿಯ ಪರೀಕ್ಷೆಯೊಂದರಲ್ಲಿ ಇಬ್ಬರು ಹುಡುಗಿಯರ ಕನ್ನಡ ಪ್ರಬಂಧ ಪದಕ್ಕೆ ಪದ ಒಂದೇ ಆಗಿತ್ತು. ಒಬ್ಬಳು ಯಾವಾಗಲೂ ಮೊದಲು ಬರುವವಳು, ಇನ್ನೊಬ್ಬಳು ಹಿಂದಿನ ಬೆಂಚಿನವಳು. ನಾನು ಯೋಚಿಸಲೂ ಇಲ್ಲ. ಹಿಂದಿನ ಬೆಂಚಿನವಳಿಗೆ ಸೊನ್ನೆ ಹಾಕಿ, ಮನೆಗೆ ಚೀಟಿ ಕಳಿಸಿದೆ. ಅವಳು ಅತ್ತಳು. ಕಳ್ಳಿಯ ಅಳು ಅಂದೆ.

ವಾರದ ನಂತರ ಅವಳ ಹಳೆಯ ನೋಟ್‌ಬುಕ್ ತಿದ್ದುವಾಗ ಅದೇ ಪ್ರಬಂಧ ಕಣ್ಣಿಗೆ ಬಿತ್ತು. ಪರೀಕ್ಷೆಗೆ ತಿಂಗಳ ಮೊದಲೇ ಬರೆದದ್ದು, ಹೊಡೆದು ಹಾಕಿ ಮತ್ತೆ ಬರೆದದ್ದು. ನಾನು ನೋಟ್‌ಬುಕ್ಕಿಗೆ ಸಹಿ ಹಾಕಿ ಮುಚ್ಚಿದೆ. ರಿಜಿಸ್ಟರಿನಲ್ಲಿ ಗೀರು ಎಳೆಯಲು ಕೈ ಬರಲಿಲ್ಲ. ಒಬ್ಬ ಹುಡುಗಿಗಿಂತ ಒಂದು ಗೀರು ದೊಡ್ಡದಾಗಿತ್ತು.

ಅವಳನ್ನು ಕುಮಟಾಕ್ಕೆ ಮದುವೆ ಮಾಡಿಕೊಟ್ಟಿದ್ದಾರೆಂದು ಗೊತ್ತಿತ್ತು. ಕಳೆದ ಶುಕ್ರವಾರ ಹೋದೆ. ಭಟ್ಕಳದಿಂದ ಶರಾವತಿ ಸೇತುವೆಯವರೆಗೆ ಮಾತು ಜೋಡಿಸುತ್ತಿದ್ದೆ, ಸೇತುವೆ ದಾಟಿದ ಮೇಲೆ ಎಲ್ಲ ಮರೆತುಹೋಯಿತು. ಸಂಕದ ಮೇಲೆ ಬಸ್ಸು ನಿಧಾನವಾದಾಗ ಇಳಿದು ಹಿಂದಿರುಗೋಣ ಅನ್ನಿಸಿದ್ದೂ ಸುಳ್ಳಲ್ಲ.

ಬಾಗಿಲು ತೆರೆದವಳು ಸಲಾಂ ಹೇಳಿ ಸಂಭ್ರಮಪಟ್ಟಳು. ಸೊಂಟದಲ್ಲಿ ಮಗು. ನಾನು ನಿಂತಲ್ಲೇ, 'ಆ ಪ್ರಬಂಧ ನಿನ್ನದೇ ಆಗಿತ್ತು. ನನಗೆ ಆಗಲೇ ಗೊತ್ತಾಗಿತ್ತು' ಎಂದುಬಿಟ್ಟೆ. ಯಾವ ಪ್ರಬಂಧ ಟೀಚರ್ ಎಂದು ಕೇಳುತ್ತಾಳೆ, ನಕ್ಕು ಮುಗಿಯುತ್ತದೆ ಎಂದುಕೊಂಡಿದ್ದೆ.

'ಹದಿನೈದಕ್ಕೆ ಸೊನ್ನೆ,' ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕಾಪಿ ಹೊಡೆಯುವವಳಿಗೆ ಕಾಲೇಜು ಯಾಕೆ ಎಂದು ತಂದೆ ಒಂದು ವರ್ಷ ಮನೆಯಲ್ಲೇ ಕೂರಿಸಿದ್ದರಂತೆ. ಅಮ್ಮ ಜಗಳವಾಡಿ ಮರುವರ್ಷ ಸೇರಿಸಿದ್ದಂತೆ. ನನಗೆ ಇದೊಂದೂ ಗೊತ್ತಿರಲಿಲ್ಲ.

ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, 'ಅಬ್ಬ ಹೊನ್ನಾವರದಿಂದ ಬಂದಿದ್ದಾರೆ, ಒಳಗೆ ಚಾ ಕುಡೀತಿದ್ದಾರೆ. ಅವರಿಗೂ ಹೇಳ್ತೀರಾ ಟೀಚರ್?' ಎಂದಳು.

ಚಪ್ಪಲಿ ಬಿಟ್ಟು ಒಳಗೆ ಹೋದೆ.