ಶಾಲೆ ಹಳ್ಳಿಯಲ್ಲಿದ್ದರೆ ಸಾಕಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಪೇಟೆಯ ಯಾವುದಾದರೂ ಖಾಸಗಿ ಪಿಯು ಕಾಲೇಜಿನ ಕೌಂಟರ್ ಮುಂದೆ ನಿಂತು ನೋಡಿ. ಎಷ್ಟು ಪರ್ಸೆಂಟ್ ಅಂತ ಕೇಳಿದ ಮೇಲೆ ಎರಡನೇ ಪ್ರಶ್ನೆ, "ಯಾವ ಸ್ಕೂಲು?" ನಮ್ಮ ಗುಂಪಿನ ನಾಲ್ವರು ಸರ್ಕಾರಿ ಹೈಸ್ಕೂಲಿನ ಹೆಸರು ಹೇಳಿ, "ಸೈನ್ಸ್ ಕಷ್ಟ ಆಗುತ್ತೆ, ಆರ್ಟ್ಸ್ ತಗೊಳ್ಳಿ" ಅನ್ನೋ ಉಪದೇಶ ಕೇಳಿಸಿಕೊಂಡು ಬಂದವರು. ಕಟ್‌ಆಫ್ ದಾಟಿದ್ದವರೂ ಇದ್ದರು ಅದರಲ್ಲಿ. ಹಾಗೆ ಬಂದಿದ್ದಕ್ಕೇ ಪತ್ರಿಕೋದ್ಯಮಕ್ಕೆ ಸಿಕ್ಕಿದೆವು, ಅದು ಬೇರೆ ಮಾತು.

ಅಲ್ಲಿ ಹಳ್ಳಿ ಶಾಲೆ ನಮ್ಮ ವಿರುದ್ಧ ಸಾಕ್ಷಿ ಹೇಳಿತು. ಎರಡು ವರ್ಷ ಬಿಟ್ಟು ಸಿಇಟಿ ಹೊತ್ತಿಗೆ ಅದೇ ಹಳ್ಳಿ ಶಾಲೆಗೆ ಬೆಲೆ ಬರುತ್ತದೆ. ಆದರೆ ಲಾಭ ಯಾರಿಗೆ?

ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15 ಮೀಸಲಾತಿ ಇದೆ. 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು, ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೀಳಬೇಕು. ಸಾಮಾನ್ಯ ವರ್ಗದವರಾದರೆ ಕೆನೆಪದರದವರಲ್ಲ ಅಂತಲೂ ತೋರಿಸಬೇಕು. ಸರಿಯೇ. ಆದರೆ ಆ ಶಾಲೆಯನ್ನು ನಡೆಸುವವರು ಯಾರು, ಅಲ್ಲಿ ಫೀಸು ಎಷ್ಟು, ಗಣಿತಕ್ಕೆ ಮೇಷ್ಟ್ರು ಇದ್ದರಾ, ಇದನ್ನು ಯಾರೂ ಕೇಳುವುದಿಲ್ಲ. ಊರಾಚೆ ಗ್ರಾಮ ಪಂಚಾಯಿತಿ ಜಾಗದಲ್ಲಿ ಕಟ್ಟಿದ, ಪೇಟೆ ಮಕ್ಕಳು ಹಳದಿ ಬಸ್ಸಿನಲ್ಲಿ ಬರುವ ಇಂಗ್ಲಿಷ್ ಮೀಡಿಯಂ ಶಾಲೆಯೂ ಗ್ರಾಮೀಣವೇ. ಅತಿಥಿ ಶಿಕ್ಷಕರು ಯಾವಾಗ ಬರುತ್ತಾರೋ ಅಂತ ಜುಲೈವರೆಗೆ ಕಾಯುವ ಶಾಲೆಯೂ ಗ್ರಾಮೀಣವೇ. ಪಿಯುಸಿಯನ್ನು ಎಲ್ಲಿ ಬೇಕಾದರೂ ಓದಬಹುದು. ಹತ್ತನೇ ಕ್ಲಾಸು ಮುಗಿಸಿ ಲಕ್ಷಗಟ್ಟಲೆ ಕಟ್ಟಿ ಕೋಚಿಂಗ್ ಇರುವ ಹಾಸ್ಟೆಲ್ ಸೇರಿದವರಿಗೂ ಅದೇ ಪ್ರಮಾಣಪತ್ರ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ. ಪಿಯು ಬಾಗಿಲಲ್ಲೇ ಆರ್ಟ್ಸ್‌ಗೆ ಕಳಿಸಿದ ಮಗುವಿಗೆ ಈ ಶೇ. 15ರಿಂದ ಏನು ಬಂತು?

ಕನ್ನಡ ಮಾಧ್ಯಮದ ಶೇ. 5 ಇದೆಯಲ್ಲ ಅನ್ನಬಹುದು. ಅದಕ್ಕೆ ಹತ್ತೂ ವರ್ಷ ಕನ್ನಡದಲ್ಲೇ ಓದಿರಬೇಕು. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಅಲ್ಲಿ ಒಂದನೇ ಕ್ಲಾಸಿಗೆ ಸೇರಿದ ಕೂಲಿಕಾರರ ಮಗು ಸಿಇಟಿ ಬರೆಯುವಾಗ ಆ ಶೇ. 5ಕ್ಕೆ ಅರ್ಹವಲ್ಲ. ಇದನ್ನು ಅಪ್ಪ ಅಮ್ಮಂದಿರಿಗೆ ದಾಖಲಾತಿ ದಿನ ಯಾರಾದರೂ ಹೇಳಿದರಾ?

ಪಕ್ಕದ ತಮಿಳುನಾಡು ಶಾಲೆ ಎಲ್ಲಿದೆ ಅಂತ ನೋಡಲಿಲ್ಲ, ಯಾರದು ಅಂತ ನೋಡಿತು. 6ರಿಂದ 12ರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ 2020ರಲ್ಲಿ ವೈದ್ಯಕೀಯ ಸೀಟುಗಳಲ್ಲಿ ಶೇ. 7.5 ಮೀಸಲಿಟ್ಟಿತು. ಮರುವರ್ಷ ಎಂಜಿನಿಯರಿಂಗ್‌ಗೂ ಕೊಟ್ಟಿತು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಆ ವೈದ್ಯಕೀಯ ಮೀಸಲಾತಿಯನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಯಾಕೆ ಆಗಬಾರದು?

ಹಳ್ಳಿಯ ಸಣ್ಣ ಖಾಸಗಿ ಶಾಲೆಗಳಲ್ಲೂ ಬಡ ಮಕ್ಕಳಿದ್ದಾರೆ, ಅವರನ್ನು ಬಿಡಿ ಅಂತ ನಾವು ಹೇಳುತ್ತಿಲ್ಲ. ಗ್ರಾಮೀಣ ಮೀಸಲಾತಿಯ ಒಳಗೇ ಸರ್ಕಾರಿ ಶಾಲೆ ಮಕ್ಕಳಿಗೆ ಪಾಲು ಗೊತ್ತು ಮಾಡಿ. ಅದಕ್ಕೂ ಮೊದಲು ಪಿಯು ಸೈನ್ಸ್ ಸೀಟಿನಲ್ಲಿ ಪಾಲು ಕೊಡಿ, ಖಾಸಗಿ ಕಾಲೇಜುಗಳೂ ಸೇರಿ.

ಈ ಸಲ ಫಲಿತಾಂಶದ ವಾರ ನಾವು ಆ ಕೌಂಟರ್‌ಗಳ ಮುಂದೆ ಇರುತ್ತೇವೆ. "ಯಾವ ಸ್ಕೂಲು" ಅಂತ ಕೇಳಿದವರನ್ನು, ಯಾಕೆ ಕೇಳಿದಿರಿ ಸಾರ್, ಅಂತ ಕೇಳಿ ಉತ್ತರ ಬರೆದುಕೊಳ್ಳುತ್ತೇವೆ.